ಹೊಟ್ಟೆ ಉರಿಗೆ ಮಣ್ಣಿನ ಮದ್ದು

ಅಮ್ಮ ಫೋನಿನಲ್ಲಿ "ಇನ್ನೊಂದು ತಿಂಗಳು ಇಲ್ಲೇ ಇರ್ತೀನಿ ಕಣೇ" ಎಂದಾಗ ಟೈಲರಕ್ಕನ ಬಾಯಲ್ಲಿ ನಾಲ್ಕು ಗುಂಡುಪಿನ್ನುಗಳಿದ್ದವು. ಇಲ್ಲದಿದ್ದರೆ ಬರಬಾರದ ಮಾತು ಬಂದೇಬಿಡುತ್ತಿತ್ತು. ಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿ "ಸರಿ, ಇರು" ಎಂದಳು. ಕೊನೆಯದನ್ನು ಸ್ವಲ್ಪ ಜೋರಾಗಿಯೇ ಚುಚ್ಚಿದಳು.

ಹತ್ತೇ ದಿನಕ್ಕೆಂದು ಹೋದವಳು ಅಮ್ಮ. ಹೋಗಿದ್ದಾದರೂ ಎಲ್ಲಿಗೆ? ಚಿಟ್ಟೆಯ ಹತ್ತಿರ. ಚಿಟ್ಟೆ ಎಂದರೆ ಟೈಲರಕ್ಕನ ಒಬ್ಬಳೇ ತಂಗಿ. ಒಂದು ಕಡೆ ಕೂತವಳಲ್ಲ, ಹಿಡಿದ ಕೆಲಸ ಮುಗಿಸಿದವಳಲ್ಲ, ಅದಕ್ಕೇ ಮನೆಯಲ್ಲಿ ಆ ಹೆಸರು. ಈಗ ಮೂರು ವರ್ಷದಿಂದ ಗುಡ್ಡದ ತಪ್ಪಲಿನಲ್ಲಿ ಒಂದಿಷ್ಟು ಜಾಗ ಹಿಡಿದು ಶಿಬಿರ ನಡೆಸುತ್ತಿದ್ದಳು. ಬಂದವರು ಚಪ್ಪಲಿ ಬಿಟ್ಟು ಮಣ್ಣಿನ ಮೇಲೆ ನಡೆಯಬೇಕು, ಮರಕ್ಕೆ ಬೆನ್ನು ಕೊಟ್ಟು ಕೂರಬೇಕು, ನೆಲದ ಮೇಲೆ ಮಲಗಿ ಮೈ ಏನು ಹೇಳುತ್ತದೆಂದು ಕೇಳಿಸಿಕೊಳ್ಳಬೇಕು. ಇದರಿಂದ ನೋವು ಹೋಗುತ್ತದಂತೆ. "ಮಣ್ಣಾಂಗಟ್ಟಿ" ಎಂದು ಟೈಲರಕ್ಕ ಒಂದೇ ಮಾತಿನಲ್ಲಿ ಮುಗಿಸಿದ್ದಳು.

ಎರಡು ವರ್ಷದ ಹಿಂದೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಬಲಭುಜ ಮುರಿದುಕೊಂಡಾಗ ನೋಡಿಕೊಂಡವರು ಯಾರು? ಮೂಳೆ ಕೂಡಿತು, ಕೈ ಮಾತ್ರ ಎದೆಮಟ್ಟ ದಾಟಿ ಮೇಲೇಳಲಿಲ್ಲ. ತಲೆ ಬಾಚಿದ್ದು, ಬೆನ್ನು ತಿಕ್ಕಿದ್ದು, ತಟ್ಟೆ ಮುಂದಿಟ್ಟಿದ್ದು ಎಲ್ಲ ಟೈಲರಕ್ಕ. ಅಂಗಿ ತೊಡುವುದೇ ಅಮ್ಮನಿಗೆ ದೊಡ್ಡ ಸಂಕಟವಾದಾಗ ಅವಳೇ ಒಂದು ಉಪಾಯ ಹೂಡಿದಳು: ಕೈ ಎತ್ತದೆಯೇ ತೊಡಬಹುದಾದ ಅಂಗಿ. ಬಲಭುಜದಿಂದ ಸೊಂಟದವರೆಗೆ ಪೂರ್ತಿ ತೆರೆದುಕೊಳ್ಳುತ್ತದೆ, ಮುಚ್ಚಲು ಒಂಬತ್ತು ಟಿಚ್ ಬಟನ್. ತಗ್ಗಿದ ಭುಜ ಕಾಣದ ಹಾಗೆ ಒಳಗೆ ಅರ್ಧ ಇಂಚಿನ ಪ್ಯಾಡು. ದಿನಾ ಬೆಳಿಗ್ಗೆ ಅಮ್ಮ ಮಂಚದ ಅಂಚಿನಲ್ಲಿ ಕೂರುವುದು, ಇವಳು ಮೇಲಿನಿಂದ ಕೆಳಕ್ಕೆ ಟಿಚ್ ಟಿಚ್ ಎಂದು ಒತ್ತುತ್ತಾ ಬರುವುದು. ಅವಳ ದಿನ ಶುರುವಾಗುತ್ತಿದ್ದದ್ದೇ ಆ ಸದ್ದಿನಿಂದ. ಅಂಥ ಅಂಗಿ ಇಪ್ಪತ್ತೆರಡು ಹೊಲಿದಿದ್ದಳು. ಗಿರಾಕಿಗಳು ನೋಡಿ "ಮಗಳು ಅಂದ್ರೆ ಹೀಗಿರ್ಬೇಕು" ಎನ್ನುತ್ತಿದ್ದರು. ಅದನ್ನು ಕೇಳಿಸಿಕೊಳ್ಳುವಾಗ ಅವಳು ಮಷೀನು ನಿಲ್ಲಿಸುತ್ತಿದ್ದಳು.

ಈಗ ನೋಡಿದರೆ ಚಿಟ್ಟೆ ಹತ್ತೇ ದಿನದಲ್ಲಿ ಅಮ್ಮನನ್ನು ಬುಟ್ಟಿಗೆ ಹಾಕಿಕೊಂಡಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ? ಟೈಲರಕ್ಕ ಮಾರನೆಯ ದಿನವೇ ಅಂಗಡಿಗೆ ಬೀಗ ಹಾಕಿ, ಮೂರು ಹೊಸ ಅಂಗಿಗಳನ್ನು ಚೀಲಕ್ಕೆ ತುರುಕಿ, ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿರುವುದನ್ನೂ ಮರೆತು ಬಸ್ಸು ಹತ್ತಿದಳು. ಅಮ್ಮನನ್ನು ಕರೆದುಕೊಂಡೇ ಬರುವುದು, ಎರಡು ಮಾತಿಲ್ಲ. ಅಮ್ಮ ಬರದಿದ್ದರೆ ಬೆಳಿಗ್ಗೆ ಎದ್ದು ಆ ಖಾಲಿ ಮಂಚದ ಮುಂದೆ ತಾನು ಮಾಡುವುದಾದರೂ ಏನು? ಆ ಯೋಚನೆಯನ್ನು ಎಷ್ಟು ಸಲ ಕಿಟಕಿಯಾಚೆ ಎಸೆದರೂ ಅದು ಮತ್ತೆ ಬಂದು ಪಕ್ಕದ ಸೀಟಿನಲ್ಲೇ ಕೂರುತ್ತಿತ್ತು.

ಶಿಬಿರದ ಬಾಗಿಲಲ್ಲಿ ಒಂದು ಮೇಜು, ಅದರ ಹಿಂದೆ ನಿವೃತ್ತ ನರ್ಸಮ್ಮ. ಚೀಟಿ ತುಂಬದೆ ಯಾರನ್ನೂ ಒಳಗೆ ಬಿಡುವ ಪೈಕಿ ಅಲ್ಲ.

"ನಾನು ಚಿಕಿತ್ಸೆಗೆ ಬಂದಿಲ್ಲ. ನಮ್ಮಮ್ಮನ್ನ ಕರ್ಕೊಂಡು ಹೋಗೋಕೆ ಬಂದಿರೋದು" ಎಂದಳು ಟೈಲರಕ್ಕ.

"ಇರ್ಲಿ ಅಮ್ಮಾ, ಬಂದವರೆಲ್ಲ ತುಂಬ್ಲೇಬೇಕು. ಎರಡೇ ಪ್ರಶ್ನೆ. ಮೈಯಲ್ಲಿ ಎಲ್ಲಿ ಏನಾಗ್ತಿದೆ? ಎಷ್ಟು ದಿನದಿಂದ?"

ಅಷ್ಟರಲ್ಲಿ ಬೇಲಿಯಾಚೆ ನಗು ಕೇಳಿಸಿತು. ಅಮ್ಮ! ಹತ್ತಾರು ಜನರ ನಡುವೆ ಬರಿಗಾಲಲ್ಲಿ, ಚಿಟ್ಟೆಯ ಕೈ ಹಿಡಿದು ನಡೆಯುತ್ತಿದ್ದಳು. ಮೈಮೇಲೆ ಇದ್ದದ್ದು ಟೈಲರಕ್ಕನ ಅಂಗಿಯಲ್ಲ. ಯಾವುದೋ ಅಂಗಡಿಯಿಂದ ತಂದ ದೊಗಳೆ ಅಂಗಿ, ತಲೆಯ ಮೇಲಿಂದ ತೊಡುವಂಥದ್ದು, ಹೊಲಿಗೆಯೆಲ್ಲ ಸೊಟ್ಟ. ಆ ನಗುವನ್ನು ಅವಳು ಎರಡು ವರ್ಷದಿಂದ ಕಂಡಿರಲಿಲ್ಲ. ಮೈ ಪರಚಿಕೊಳ್ಳುವಂತಾಯಿತು. ಪೆನ್ನು ಕಿತ್ತುಕೊಂಡು ಮೊದಲ ಸಾಲಿನಲ್ಲಿ 'ಹೊಟ್ಟೆ ಉರಿ' ಎಂದು ಗೀಚಿದಳು. ಎರಡನೆಯದರಲ್ಲಿ 'ತಂಗಿ ಹುಟ್ಟಿದಾಗಿನಿಂದ' ಎಂದು ಬರೆಯಹೊರಟು, ನಾಚಿಕೆಯಾಗಿ 'ಬಹಳ ವರ್ಷದಿಂದ' ಎಂದಷ್ಟೇ ಬರೆದಳು.

ನರ್ಸಮ್ಮ ಕನ್ನಡಕ ಏರಿಸಿಕೊಂಡು ಓದಿದರು. ಮುಖದಲ್ಲಿ ನಿಜವಾದ ಕನಿಕರ ಮೂಡಿತು.

"ಬಹಳ ವರ್ಷದಿಂದಾನಾ? ಯಾರಿಗೂ ತೋರಿಸ್ಲಿಲ್ವಾ?"

"ತೋರಿಸೋ ಅಂಥದ್ದಲ್ಲ."

"ಹಾಗಂದುಕೊಂಡೇ ಎಲ್ಲರೂ ಹುಣ್ಣು ಮಾಡ್ಕೊಳ್ಳೋದು. ಊಟ ಆದ್ಮೇಲೆ ಜಾಸ್ತಿನೋ, ಖಾಲಿ ಹೊಟ್ಟೇಲೋ?"

"ಬೇರೆಯವರು ನಕ್ಕಾಗ" ಎಂದಳು ಟೈಲರಕ್ಕ, ಬೇಲಿಯ ಕಡೆ ನೋಡುತ್ತಾ.

ಅದು ನರ್ಸಮ್ಮನ ಕಿವಿಗೆ ಬೀಳಲಿಲ್ಲ. ಅವರು ಗುಲಾಬಿ ಬಣ್ಣದ ಔಷಧಿ ಎರಡು ಚಮಚ ಕುಡಿಸಿದರು, ಖಾರ ಮುಟ್ಟಕೂಡದೆಂದು ತಾಕೀತು ಮಾಡಿದರು, ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ 'ಬೋರಲು' ಎಂದು ಬರೆದರು. ಹೊಟ್ಟೆಯ ತೊಂದರೆ ಇದ್ದವರು ಒದ್ದೆ ಮಣ್ಣಿನ ಮೇಲೆ ಬೋರಲು ಮಲಗುವುದು ಅಲ್ಲಿನ ಕ್ರಮ. "ಅಯ್ಯೋ, ಇದು ಅದಲ್ಲ" ಎಂದು ಟೈಲರಕ್ಕ ಬಾಯಿ ತೆರೆದಳು. ಅದಲ್ಲ ಎಂದರೆ ಮತ್ತೆ ಯಾವುದು ಎಂದು ಹೇಳಬೇಕಾಗುತ್ತದಲ್ಲ! ಬಾಯಿ ಮುಚ್ಚಿಕೊಂಡು ಹೋಗಿ ಮಲಗಿದಳು.

ಮಣ್ಣು ತಣ್ಣಗಿತ್ತು. ತೇವ ಬಟ್ಟೆ ದಾಟಿ ಹೊಟ್ಟೆಗೆ ತಾಗಿತು. ಹದಿನೆಂಟು ವರ್ಷ ಮಷೀನಿನ ಮುಂದೆ ಬಾಗಿದ್ದ ಬೆನ್ನು ಅವಳನ್ನು ಕೇಳದೆಯೇ ಮೆಲ್ಲಗೆ ಸಡಿಲವಾಯಿತು. ಹಿತವಾಗಿತ್ತು. ಚಿಟ್ಟೆಯ ಮಣ್ಣು ಹಿತವಾಗಿದೆ ಎಂಬುದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು.

ಪಕ್ಕದಲ್ಲಿ ಯಾರೋ ಬಂದು ಬೋರಲು ಬಿದ್ದರು. ನೋಡಿದರೆ ಅಮ್ಮ. ಕೈಯಲ್ಲಿ ಅದೇ ಚೀಟಿ.

"ನಿಮ್ಮ ಮಗಳಿಗೆ ಹೊಟ್ಟೆ ಉರಿಯಂತೆ, ಪಾಪ ಅಂದ್ರು ನರ್ಸಮ್ಮ. ಅದು ಹಳೇದು ಬಿಡಿ, ತಂಗಿ ತೊಟ್ಟಿಲಲ್ಲಿದ್ದಾಗ್ಲೇ ಚಿವುಟೋಳು ಅಂದೆ. ಅವರಿಗೆ ಅರ್ಥ ಆಗ್ಲಿಲ್ಲ."

"ನಗು, ನಗು. ನಿನಗೇನು! ಎರಡು ವರ್ಷ ನಾನು ಸವೆದಿದ್ದು ಯಾರ ಕಣ್ಣಿಗೂ ಬೀಳ್ಲಿಲ್ಲ. ಅವಳು ಹತ್ತು ದಿನ ಮಣ್ಣಲ್ಲಿ ಹೊರಳಾಡಿಸಿದ್ದೇ ದೊಡ್ಡದಾಯ್ತು. ಅಂಥದ್ದೇನು ಮಾಡಿದ್ಳು ಅವಳು? ಹೇಳು."

"ಏನೂ ಮಾಡ್ಲಿಲ್ಲ" ಎಂದಳು ಅಮ್ಮ. "ಮೊದಲನೇ ದಿನ, ಅಂಗಿ ಹಾಕೇ ಅಂದೆ. ನೀನೇ ಹಾಕ್ಕೋ ಅಂತ ಆಚೆ ಹೋದ್ಳು. ಅವಳ ಬುದ್ಧಿ ಗೊತ್ತಲ್ಲ, ಯಾವತ್ತು ಯಾರ ಕೆಲಸಕ್ಕೆ ಕೈ ಹಾಕಿದಾಳೆ? ಬೈದೆ, ಅತ್ತುಬಿಟ್ಟೆ. ಆಮೇಲೆ ಇಲ್ಲೇ ಮಲಗಿ ಮಣ್ಣಿನ ಮೇಲೆ ಕೈಯನ್ನ ಇಷ್ಟಿಷ್ಟೇ ಸರಿಸ್ತಾ ಹೋದೆ. ನೋಯ್ತು. ಆದ್ರೂ ನಾಲ್ಕನೇ ದಿನಕ್ಕೆ ಕಿವಿವರೆಗೂ ಬಂತು ಕಣೇ."

"ಮತ್ತೆ ಮನೇಲಿ ಯಾಕೆ ಏಳ್ಲಿಲ್ಲ?"

ಅಮ್ಮ ಮಣ್ಣಿನಲ್ಲಿ ಬೆರಳಾಡಿಸಿದಳು.

"ಒಂದು ಸಲ ಎದ್ದಿತ್ತು. ನೀನು ಅಂಗಡೀಲಿದ್ದೆ. ಎಷ್ಟು ಖುಷಿಯಾಯ್ತು ಅಂತೀಯ! ಅಷ್ಟರಲ್ಲಿ ನೀನು ಹೊಸ ಅಂಗಿ ಹಿಡ್ಕೊಂಡು ಬಂದೆ. ನಿನ್ನ ಮುಖ ನೋಡಿ ಕೈ ಇಳಿಸ್ಬಿಟ್ಟೆ. ಅಷ್ಟು ಅಕ್ಕರೆಯಿಂದ ಹೊಲಿದಿದೀಯ, ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ."

ಟೈಲರಕ್ಕ ಮುಖವನ್ನು ಆ ಕಡೆ ತಿರುಗಿಸಿದಳು. ಇಪ್ಪತ್ತೆರಡು ಅಂಗಿ, ಒಂದೊಂದಕ್ಕೂ ಒಂಬತ್ತೊಂಬತ್ತು ಬಟನ್. ಅಮ್ಮನ ಕೈಯನ್ನು ಕಟ್ಟಿಹಾಕಿದ್ದು ಬಚ್ಚಲ ಕಲ್ಲಲ್ಲ, ತನ್ನ ಹೊಲಿಗೆ. ಇಷ್ಟು ದಿನ ಚಿಟ್ಟೆಯ ಕಡೆಗೇ ಉರಿಯುತ್ತಿದ್ದ ಬೆಂಕಿ ತಿರುಗಿ ಅವಳನ್ನೇ ಸುಟ್ಟಿತು. ಅವಳು ಅತ್ತಳು.

"ಅಕ್ಕಾ! ಯಾವಾಗ ಬಂದೆ? ಹೊಟ್ಟೆ ಹುಣ್ಣಂತೆ, ಹೇಳೋದಲ್ವಾ?" ಚಿಟ್ಟೆ ಓಡಿಬಂದು ನಿಂತಳು. ಅವಳ ಕಣ್ಣಲ್ಲಿ ನಿಜವಾಗಿಯೂ ಗಾಬರಿಯಿತ್ತು. ಬೈಯಲೂ ಆಗದಂಥ ಗಾಬರಿ.

ಟೈಲರಕ್ಕ ಎದ್ದು ಕೂತು ಕಣ್ಣೊರೆಸಿಕೊಂಡಳು. ಮೂಗಿಗೆ ಮಣ್ಣಾಯಿತು. "ನನ್ನ ಹೊಟ್ಟೆ ವಿಷಯ ಬಿಡು. ಅಮ್ಮನಿಗೆ ಎಂಥಾ ಅಂಗಿ ತಂದಿದೀಯೇ? ಕಂಕುಳಲ್ಲಿ ಹಿಡೀತಿದೆ, ಕಾಣಲ್ವಾ?"

"ನನಗೆ ಅದೆಲ್ಲ ಎಲ್ಲಿ ಗೊತ್ತಾಗತ್ತಕ್ಕಾ? ಇಲ್ಲಿ ಬಂದಾಗಿನಿಂದ ಅಮ್ಮ ದಿನಾ ಅದನ್ನೇ ಹೇಳ್ತಾಳೆ, ದೊಡ್ಡವಳು ಹೊಲಿದಿದ್ರೆ ಹೀಗಾಗ್ತಿತ್ತಾ ಅಂತ" ಎಂದು ಚಿಟ್ಟೆ ತುಟಿ ಉಬ್ಬಿಸಿದಳು. ಆ ಉಬ್ಬಿದ ತುಟಿ ನೋಡಿ ಟೈಲರಕ್ಕನಿಗೆ ಆದ ಸಮಾಧಾನ ಗುಲಾಬಿ ಔಷಧಿಯಿಂದಲೂ ಆಗಿರಲಿಲ್ಲ.

ಅವಳು ಕೊರಳಿನ ಟೇಪು ತೆಗೆದಳು. ಅಮ್ಮನ ಅಳತೆ ಅವಳಿಗೆ ಬಾಯಿಪಾಠ. ಎರಡು ವರ್ಷದಿಂದ ಅಮ್ಮನ ಮೈಗೆ ಟೇಪು ಹಿಡಿದೇ ಇರಲಿಲ್ಲ.

"ಕೈ ಎತ್ತಮ್ಮ" ಎಂದಳು. ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಹೇಳುವ ಮಾತು. ಅಮ್ಮನಿಗೆ ಮಾತ್ರ ಹೇಳಿರಲಿಲ್ಲ.

ಅಮ್ಮ ಎತ್ತಿದಳು. ಕೈ ಮೆಲ್ಲಗೆ ಕಿವಿಯವರೆಗೆ ಹೋಗಿ ನಿಂತಿತು. ಟೈಲರಕ್ಕ ಎರಡೆರಡು ಸಲ ಅಳೆದಳು. ಭುಜ ತಗ್ಗಿದ್ದ ಅರ್ಧ ಇಂಚು ಈಗ ಕಾಲು ಇಂಚಾಗಿತ್ತು.

"ತಿಂಗಳು ಮುಗಿದ ಕೂಡ್ಲೇ ಮನೆಗೆ ಬರ್ತೀನಿ" ಎಂದಳು ಅಮ್ಮ. "ತಲೆ ಮೇಲಿಂದ ಹಾಕೋ ಅಂಗಿ ಹೊಲಿದಿಡು, ಪ್ಯಾಡು ಬೇಡ. ಬೆಳಿಗ್ಗೆ ಮಂಚದ ಹತ್ರ ಮಾತ್ರ ಬಾ. ಬಟನ್ ಹಾಕೋಕಲ್ಲ. ಸುಮ್ನೆ ಪಕ್ಕದಲ್ಲಿ ಕೂತ್ಕೋ."

ಹೊರಡುವಾಗ ನರ್ಸಮ್ಮ ಔಷಧಿಯ ಬಾಟಲಿಯನ್ನು ಚೀಲಕ್ಕೆ ಹಾಕುತ್ತಾ "ಈಗ ಹೇಗಿದೆ ಉರಿ?" ಎಂದು ಕೇಳಿದರು.

ಟೈಲರಕ್ಕ ತಿರುಗಿ ನೋಡಿದಳು. ಅಮ್ಮ ಮತ್ತೆ ಚಿಟ್ಟೆಯ ಕೈ ಹಿಡಿದು ನಡೆಯುತ್ತಿದ್ದಳು. "ಇದೆ" ಎಂದಳು ಪ್ರಾಮಾಣಿಕವಾಗಿ.

"ಒಂದೇ ದಿನಕ್ಕೆ ಹೋಗಲ್ಲ ಅಮ್ಮಾ."

ಬಸ್ಸಿನಲ್ಲಿ ಅವಳು ಮೂರು ಹೊಸ ಅಂಗಿಗಳನ್ನೂ ಮಡಿಲಲ್ಲಿಟ್ಟುಕೊಂಡು ಸಣ್ಣ ಕತ್ತರಿಯಿಂದ ಟಿಚ್ ಬಟನ್ನುಗಳನ್ನು ಬಿಚ್ಚತೊಡಗಿದಳು. ಊರು ಬರುವಷ್ಟರಲ್ಲಿ ಇಪ್ಪತ್ತಾರು ಬಿಚ್ಚಿದ್ದಳು. ಕೊನೆಯದೊಂದನ್ನು ಹಾಗೇ ಬಿಟ್ಟು, ಹೆಬ್ಬೆರಳಿನಿಂದ ಒತ್ತಿ, ಆ ಟಿಚ್ ಎಂಬ ಸದ್ದನ್ನು ಒಮ್ಮೆ ಕೇಳಿ, ಆಮೇಲೆ ಅದನ್ನೂ ಬಿಚ್ಚಿದಳು.