ಒಳ್ಳೆಯವನಾದ ಮಗ

ಓಂಕಾರಮೂರ್ತಿಯವರು ಕಾಫಿಗೆ ಕೂಗಿ ಹೇಳಿ, ಪಡಸಾಲೆಯ ಕುರ್ಚಿಗೆ ಒರಗಿ, ಮಗನ ಗುಣಗಾನಕ್ಕೆ ತೊಡಗಿದ್ದರು. ಎದುರಿಗೆ ಕೂತು ಕೇಳುತ್ತಿದ್ದವರು ಮಠದ ಸೇವಾ ಸಮಿತಿಯ ಅಧ್ಯಕ್ಷ ಗಂಗಾಧರಯ್ಯ. ಅಜ್ಜಂಪುರದ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿ, ಎಂಥೆಂಥ ಪುಂಡರನ್ನೂ ತಿದ್ದಿದವರೆಂದು ಹೆಸರಾದ ಓಂಕಾರಮೂರ್ತಿಯವರಿಗೆ ಹೆತ್ತ ಮಗ ಬಸವೇಶನೊಬ್ಬನೇ ಈವರೆಗೆ ತಿದ್ದಲಾಗದ ತಪ್ಪಾಗಿ ಉಳಿದಿದ್ದ.

“ಈಗ ನೋಡ್ಬೇಕು ನೀವು ಅವನ್ನ. ಎದುರುತ್ತರ ಅನ್ನೋದೇ ಇಲ್ಲ. ಊಟಕ್ಕೆ ಕೂತ್ರೆ ಎರಡು ತುತ್ತು, ಎದ್ದ. ಕೋಳಿ ಕೂಗೋಕೆ ಮೊದ್ಲೇ ಎಚ್ಚರ. ಹೊರಗೆ ಹೊರಟ್ರೆ ಕಾಲು ಮುಟ್ಟಿ ನಮಸ್ಕಾರ ಮಾಡ್ತಾನೆ.”

“ಅದೇನು ಮದ್ದು ಹಾಕಿದ್ರಿ ಮೇಷ್ಟ್ರೇ? ನಮ್ಮ ಮೊಮ್ಮಗನಿಗೂ ಒಂಚೂರು ಕೊಡಿ. ಮೊಬೈಲ್ ಕಿತ್ಕೊಂಡ್ರೆ ಬಾಗಿಲು ಒದೀತಾನೆ ಮುಂಡೇದು.”

“ಮದ್ದೇನಿಲ್ಲ. ಎರಡನೇ ಸಲಾನೂ ನೀಟ್‌ನಲ್ಲಿ ಮಣ್ಣು ಮುಕ್ಕಿ ಬಂದ್ನಲ್ಲ, ಅವತ್ತು ನೆಂಟರ ಮುಂದೇನೇ ಅಂದೆ. ‘ಇನ್ಮೇಲೆ ನನ್ನ ಮಗ ಅಂತ ಎಲ್ಲೂ ಹೇಳ್ಕೋಬೇಡ ಕಣೋ’ ಅಂತ. ಅಷ್ಟೇ. ನಾಟ್ತು.”

ಕಾಫಿ ತಂದ ಹೆಂಡತಿ ಕಾಶಮ್ಮ ಲೋಟಗಳನ್ನು ಮೇಜಿನ ಮೇಲಿಟ್ಟಳು. ನಾಟಿದ್ದು ನಿಜ, ಎಲ್ಲಿ ನಾಟಿತು, ಎಷ್ಟು ಆಳಕ್ಕೆ ಹೋಯಿತು ಎಂದು ನೋಡಿದವರು ಮಾತ್ರ ಮನೆಯಲ್ಲಿ ಯಾರೂ ಇರಲಿಲ್ಲ. ಮಗ ಉಣ್ಣದಿದ್ದರೆ ಗಂಡ ಅದಕ್ಕೆ ಮಿತಾಹಾರ ಎಂದರು. ನಿದ್ದೆ ಬಾರದೆ ಹೊರಳಾಡಿ ಎದ್ದು ಕೂತರೆ ಬ್ರಾಹ್ಮೀ ಮುಹೂರ್ತ ಎಂದರು. ಮಾತು ನಿಂತಾಗ ಮೌನವ್ರತ, ಗೆಳೆಯರು ಬಿಟ್ಟುಹೋದಾಗ ದುಸ್ಸಂಗತ್ಯಾಗ. ಸದ್ಗುಣಗಳ ಪಾಠವನ್ನು ವರ್ಷಗಟ್ಟಲೆ ಮಾಡಿದ ಮನುಷ್ಯನ ಬಾಯಲ್ಲಿ ಮಗನ ಒಂದೊಂದು ಸಂಕಟಕ್ಕೂ ಒಂದೊಂದು ಹೆಸರು ಸಿದ್ಧವಾಗಿತ್ತು.

“ನಾಳೆ ಸೋಮವಾರದ ಗೋಷ್ಠಿಗೆ ನೀವೇ ಮಾತಾಡ್ಬಿಡಿ,” ಎಂದರು ಗಂಗಾಧರಯ್ಯ. “ಮಕ್ಕಳಿಗೆ ಸಂಸ್ಕಾರ ಅಂತ ವಿಷಯ. ಹುಡುಗನ್ನೂ ವೇದಿಕೆ ಮೇಲೆ ಕೂರಿಸೋಣ. ಅಪ್ಪ ಮಗ ಇಬ್ರಿಗೂ ಒಂದೊಂದು ಶಾಲು. ಏನಮ್ಮಾ ಕಾಶಮ್ಮ, ಸಂತೋಷ ತಾನೆ?”

“ಹ್ಞೂಂ,” ಎಂದಳು ಕಾಶಮ್ಮ.

ಆ ಮಧ್ಯಾಹ್ನ ಹಿತ್ತಲ ಬಾಗಿಲಿಗೆ ಸುದರ್ಶನ ಬಂದ. ಬಸವೇಶನ ಜೊತೆ ಒಂದನೇ ತರಗತಿಯಿಂದ ಓದಿದ ಹುಡುಗ. ಹಿಂದಿನ ಬೀದಿಯ ಶಾಮಣ್ಣನವರ ಮಗ. ಚಪ್ಪಲಿ ಬಿಡದೆ, ಒಳಗೂ ಬಾರದೆ ನಿಂತೇ ಇದ್ದ.

“ಆಂಟಿ, ಬಸು ಪಾರಿವಾಳ ಎಲ್ಲಾ ನಮ್ಮನೆಗೆ ತಂದು ಬಿಟ್ಟ. ನಿಮಗೆ ಗೊತ್ತಾ?”

ಗೊತ್ತಿತ್ತು. ಆ ಪಾರಿವಾಳಗಳಿಗಾಗಿ ಅಪ್ಪನಿಂದ ಏಟು ತಿಂದರೂ ಬಿಡದಿದ್ದ ಹುಡುಗ, ಗೂಡು ಖಾಲಿ ಮಾಡಿ ಬಂದ ದಿನ ಓಂಕಾರಮೂರ್ತಿಯವರು “ನೋಡು, ಮೋಹ ಕಳಚ್ತು” ಎಂದು ಹಿಗ್ಗಿದ್ದರು.

“ಸಾಕೋಕೆ ಕೊಟ್ಟಿರ್ಬೇಕು ಬಿಡಪ್ಪಾ, ಓದೋದಿದೆಯಲ್ಲ.”

“ಅದಲ್ಲ ಆಂಟಿ. ಬ್ಯಾಟೂ ಕೊಟ್ಟ. ವಾಚೂ ಕೊಟ್ಟ. ಯಾಕೋ ಅಂದ್ರೆ, ‘ನನಗೆ ಇನ್ನು ಬೇಕಾಗಲ್ಲ ಕಣೋ’ ಅಂದ. ಹೋದ ವರ್ಷ ಜಗಳ ಆಡಿದ್ದಕ್ಕೆ ಕ್ಷಮಿಸು ಅಂದ. ಅವನು ಯಾವತ್ತು ಕ್ಷಮಿಸು ಅಂದಿದಾನೆ ಆಂಟಿ? ತಪ್ಪು ಮಾಡಿದ್ರೂ ನಂಗೇ ಬೈಯೋನು.” ಹುಡುಗ ತಿರುಗಿ ಬೀದಿಯ ಕಡೆ ನೋಡಿದ. “ಯಾರಿಗೂ ಹೇಳ್ಬೇಡ ಅಂದಿದಾನೆ. ನಾನು ಹೇಳಿದೆ ಅಂತ ಅಂದ್ರೆ ಅನ್ನಿ, ಪರವಾಗಿಲ್ಲ.”

ಅವನು ಹೋದ ಕೂಡಲೇ ಕಾಶಮ್ಮ ಬಾಗಿಲು ಮುಚ್ಚಿ ಒಳಗೆ ಬಂದಳು. ಕಡೂರಿನಲ್ಲಿ ಕಾಲೇಜು ಉಪನ್ಯಾಸಕಿಯಾಗಿದ್ದ ಹಿರಿಯ ಮಗಳು ಅಶ್ವಿನಿಗೆ ಫೋನು ಮಾಡಿದಳು. ಎಲ್ಲವನ್ನೂ ಕೇಳಿಸಿಕೊಂಡ ಅಶ್ವಿನಿ, “ಅಮ್ಮ, ನೇರವಾಗಿ ಕೇಳು,” ಎಂದಳು. “ಸಾಯೋ ಯೋಚನೆ ಬರ್ತಿದೆಯಾ ಅಂತಾನೇ ಕೇಳು. ಸುತ್ತಿ ಬಳಸಿ ಬೇಡ. ಒಬ್ಬನ್ನೇ ಬಿಡ್ಬೇಡ. ನಾಳೆನೇ ತರೀಕೆರೆಗೆ ಕರ್ಕೊಂಡು ಹೋಗು, ಅಲ್ಲಿ ಮನಸ್ಸಿನ ಡಾಕ್ಟರು ಒಬ್ರಿದಾರೆ. ನಾನೂ ಅಲ್ಲಿಗೇ ಬರ್ತೀನಿ.”

ಮೊದಲು ಗಂಡನಿಗೆ ಹೇಳಿದಳು. ಹೇಳದಿದ್ದರೆ ತಪ್ಪಾಗುತ್ತದೆಂದು ಆ ಮನೆ ಅವಳಿಗೆ ಕಲಿಸಿತ್ತು. ಓಂಕಾರಮೂರ್ತಿಯವರು ಭಾಷಣದ ಟಿಪ್ಪಣಿಯಿಂದ ತಲೆಯೆತ್ತಲಿಲ್ಲ.

“ಹುಚ್ಚು ಹಿಡಿದಿರೋದು ನಿಂಗೆ ಕಣೇ. ಹುಡುಗ ದಾರಿಗೆ ಬಂದ್ರೆ ಅದೂ ಕಾಯಿಲೇನಾ?”

“ರೀ, ಒಂದ್ಸಲ ಅವನ ಮುಖ ನೋಡಿ.”

“ನೋಡಿದೀನಿ. ಶಾಂತವಾಗಿದೆ. ಇಲ್ಲದ ಮಾತು ಕೇಳಿ ಇಲ್ಲದ ಯೋಚನೆ ಅವನ ತಲೆಗೆ ತುಂಬಬೇಡ. ಮನೋವೈದ್ಯರ ಬಾಗಿಲಲ್ಲಿ ಮೇಷ್ಟ್ರ ಮಗ ಕೂತಿದ್ದ ಅಂತ ಯಾರಾದ್ರೂ ನೋಡಿದ್ರೆ? ನಾಳೆ ಗೋಷ್ಠಿ ಮುಗೀಲಿ. ಆಮೇಲೆ ಮಾತಾಡೋಣ.”

ಆಮೇಲೆ! ಮಕ್ಕಳ ವಿಷಯದಲ್ಲಿ ಹಿರಿಯರು ಆಡುವ ಮಾತುಗಳಲ್ಲಿ ಇದರಷ್ಟು ಸಭ್ಯವಾಗಿ ಕೇಳಿಸುವ ಕ್ರೌರ್ಯ ಇನ್ನೊಂದಿಲ್ಲ. ಪರೀಕ್ಷೆ ಮುಗಿಯಲಿ, ಮದುವೆ ಮುಗಿಯಲಿ, ಸಭೆ ಮುಗಿಯಲಿ. ಮುಗಿಯಬಾರದ್ದು ಮುಗಿದುಹೋದ ಮೇಲೆ ಅದೇ ಹಿರಿಯರು ಹಣೆ ಚಚ್ಚಿಕೊಂಡು, ಒಂದು ಸುಳಿವನ್ನಾದರೂ ಕೊಡಬಾರದಿತ್ತೇ ಎಂದು ಸತ್ತ ಕೂಸನ್ನೇ ದೂರುತ್ತಾರೆ.

ಬಸವೇಶ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಕೈಯಲ್ಲಿ ಪುಸ್ತಕವಿತ್ತು; ಪುಟ ತಿರುಗುತ್ತಿರಲಿಲ್ಲ. ಕಾಶಮ್ಮ ಅವನ ಪಕ್ಕ ನೆಲದ ಮೇಲೇ ಕೂತಳು. ಕೇಳಬೇಕಾದ ಮಾತು ಬಾಯಿಗೆ ಬಂದು ಬಂದು ಹಿಂದಕ್ಕೆ ಹೋಗುತ್ತಿತ್ತು. ಕೇಳಿದರೆ ನಿಜವಾಗಿಬಿಡುತ್ತದೆಂಬ ಭಯ ಅವಳಿಗೂ ಇತ್ತು.

“ಬಸು, ಒಂದು ಕೇಳ್ತೀನಿ. ಬೈಯಲ್ಲ, ಅಳಲ್ಲ. ಸಾಯ್ಬೇಕು ಅನ್ನಿಸ್ತಿದೆಯಾ ಮಗನೇ ನಿಂಗೆ?”

ಅವನು ಪುಸ್ತಕ ಮುಚ್ಚಿದ. ಅಮ್ಮನ ಮುಖ ನೋಡಲಿಲ್ಲ. “ಹ್ಞೂಂ” ಎಂದ.

ಕಾಶಮ್ಮ ಅಳಲಿಲ್ಲ. ಕೊಟ್ಟ ಮಾತಿಗಾಗಿ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು.

“ಯಾರಾದ್ರೂ ಕೇಳ್ಲಿ ಅಂತ ಕಾಯ್ತಿದ್ದೆ ಕಣಮ್ಮ,” ಎಂದ ಅವನು. “ನಿನಗೆ ಗೊತ್ತಾ? ಅಪ್ಪ ನನ್ನ ಯಾವತ್ತೂ ಒಳ್ಳೆಯವನು ಅಂದಿರ್ಲಿಲ್ಲ. ಸಾಯೋದು ಅಂತ ತೀರ್ಮಾನ ಮಾಡ್ಕೊಂಡ ಮೇಲೆ ಅಂದ್ರು. ಆಗ ಅನ್ನಿಸ್ತು, ನಾನು ಇಲ್ಲದೆ ಹೋದ್ರೇನೇ ಇವ್ರಿಗೆ ಇಷ್ಟ ಅಂತ.”

“ನನಗೆ ಇಷ್ಟ ಇಲ್ಲ ಕಣೋ,” ಎಂದಳು ಕಾಶಮ್ಮ. “ನನಗೆ ಒಂಚೂರೂ ಇಷ್ಟ ಇಲ್ಲ.” ಅವನ ತಲೆಯನ್ನು ಎಳೆದು ಹೆಗಲಿಗೆ ಒತ್ತಿಕೊಂಡಳು. ಎಷ್ಟು ಹಗುರವಾಗಿಬಿಟ್ಟಿದ್ದ ಹುಡುಗ!

ಸಂಜೆ ಅವಳು ತೋಟದ ಔಷಧಿಗಳನ್ನೂ ಮನೆಯ ಮಾತ್ರೆಗಳನ್ನೂ ಕಬ್ಬಿಣದ ಪೆಟ್ಟಿಗೆಗೆ ತುಂಬಿ, ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಚಾಪೆಯನ್ನು ಮಗನ ಕೋಣೆಯಲ್ಲೇ ಹಾಸಿಕೊಂಡಳು. ಗಂಡ ನಕ್ಕರು.

ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ತಾಯಿಮಗ ತರೀಕೆರೆ ಬಸ್ಸಿಗೆ ಕಾಯುತ್ತಿರುವಾಗ ಗಂಗಾಧರಯ್ಯನವರ ಕಾರು ಬಂದು ನಿಂತಿತು. ಇಸ್ತ್ರಿ ಮಾಡಿದ ಪಂಚೆಯುಟ್ಟ ಓಂಕಾರಮೂರ್ತಿ ಕೆಳಗಿಳಿದು, ನಾಲ್ಕು ಜನ ನೋಡುತ್ತಾರೆಂದು ನಗುತ್ತಲೇ, ಹಲ್ಲಿನ ಸಂದಿಯಲ್ಲಿ ಅಂದರು:

“ಕಾರು ಹತ್ತಿ ಇಬ್ರೂ. ವೇದಿಕೆ ಮೇಲೆ ಕುರ್ಚಿ ಹಾಕ್ಸಿದಾರೆ. ನನ್ನ ಮಾನ ತೆಗೀಬೇಡ.”

“ನಿಮ್ಮ ಮಾನ ನೀವು ನೋಡ್ಕೊಳ್ಳಿ. ಇವನು ಸಾಯ್ತೀನಿ ಅಂದಿದಾನೆ ಕಣ್ರೀ, ನನ್ನ ಹತ್ರ ಬಾಯಿಬಿಟ್ಟು ಅಂದಿದಾನೆ.”

“ಅನ್ನೋರು ಮಾಡಲ್ಲ, ಮಾಡೋರು ಅನ್ನಲ್ಲ. ಅಷ್ಟು ಲೋಕಜ್ಞಾನ ಇಲ್ವಾ?”

“ಆ ಲೋಕಜ್ಞಾನ ನಂಬ್ಕೊಂಡು ಮಗನ್ನ ಮಣ್ಣಿಗೆ ಕೊಡೋಕೆ ನಾನು ತಯಾರಿಲ್ಲ.” ಮದುವೆಯಾದ ಮೇಲೆ ಗಂಡನೆದುರು ಬೀದಿಯಲ್ಲಿ ನಿಂತು ಅವಳು ದನಿಯೆತ್ತಿದ್ದು ಇದೇ ಮೊದಲು. ಬಸ್ಸು ಬಂತು. ಮಗನನ್ನು ಮುಂದೆ ಹತ್ತಿಸಿ ತಾನು ಹಿಂದೆ ಹತ್ತಿದಳು.

ತರೀಕೆರೆಯ ಆಸ್ಪತ್ರೆಯಲ್ಲಿ ಅಶ್ವಿನಿ ಮೊದಲೇ ಬಂದು ಕಾಯುತ್ತಿದ್ದಳು. ಡಾಕ್ಟರಮ್ಮ ಬಸವೇಶನೊಬ್ಬನ ಜೊತೆಯಲ್ಲೇ ಬಹಳ ಹೊತ್ತು ಮಾತಾಡಿದರು. ಆಮೇಲೆ ತಾಯಿಯನ್ನು ಕರೆದರು. ಇದು ಒಂದು ಪರೀಕ್ಷೆಯ, ಒಂದು ಬೈಗುಳದ ಕಥೆಯಲ್ಲ, ಬಹುದಿನದಿಂದ ಒಳಗೊಳಗೇ ಬೆಳೆದ ಖಿನ್ನತೆ. ಚಿಕಿತ್ಸೆಗೆ ಬಗ್ಗುತ್ತದೆ, ಆದರೆ ಬಿಟ್ಟುಬಿಟ್ಟು ಬಂದರೆ ಆಗದು ಎಂದರು. ಬೀಗ ಹಾಕಿದ್ದು ಕೇಳಿ, “ಬಹಳ ಒಳ್ಳೇದು ಮಾಡಿದ್ರಿ,” ಎಂದರು. ಸಾವಿನ ಮಾತನ್ನು ನೇರವಾಗಿ ಕೇಳಿದ್ದರಿಂದ ಕೆಟ್ಟದಾಯಿತೇ ಎಂದು ಕಾಶಮ್ಮ ಅಂಜುತ್ತಾ ಕೇಳಿದಾಗ, “ಕೇಳಿದ್ದಕ್ಕೇ ಅವನು ಇಲ್ಲಿ ಕೂತಿರೋದಮ್ಮ,” ಎಂದರು. ಯಾವ ಹೊತ್ತಿಗೆ ಕಷ್ಟವೆನಿಸಿದರೂ ಸರ್ಕಾರದ ಸಹಾಯವಾಣಿ ೧೪೪೧೬ಕ್ಕೆ ಫೋನು ಮಾಡಿ, ಕನ್ನಡದಲ್ಲೇ ಮಾತಾಡಬಹುದು ಎಂದು ಮಗನ ಮೊಬೈಲಿನಲ್ಲಿ ಅವನ ಕೈಯಿಂದಲೇ ಸಂಖ್ಯೆ ಬರೆಸಿದರು. ಕೊನೆಗೆ, “ಮುಂದಿನ ಸೋಮವಾರ ತಂದೆಯವರೂ ಬರ್ಬೇಕು. ಅವರು ಬಂದ್ರೆ ಅರ್ಧ ಕೆಲಸ ಆಗುತ್ತೆ,” ಎಂದರು.

ಮನೆಗೆ ಬಂದಾಗ ಪಡಸಾಲೆಯ ಮೇಜಿನ ಮೇಲೆ ಹಣ್ಣಿನ ಬುಟ್ಟಿ, ಮಡಿಸಿದ ಎರಡು ಶಾಲು. ಮಗನಿಗೆ ಜ್ವರವೆಂದು ಹೇಳಿ ಅವನ ಶಾಲನ್ನೂ ಅಪ್ಪನೇ ಸ್ವೀಕರಿಸಿದ್ದರು. ಭಾಷಣ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಕಾಶಮ್ಮ ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು.

“ನಾನ್ಯಾಕೆ ಬರ್ಲಿ? ನನಗೇನಾಗಿದೆ?” ಎಂದರು ಓಂಕಾರಮೂರ್ತಿ. ಆಮೇಲೆ ದನಿ ತಗ್ಗಿಸಿ, “ಅಲ್ಲದೆ ಸೋಮವಾರ ಕಡೂರಲ್ಲಿ ಪೋಷಕರ ಸಭೆ ಇದೆ. ಇವತ್ತಿನ ಭಾಷಣ ಕೇಳಿದೋರೇ ಕರೆದಿದಾರೆ. ಒಪ್ಕೊಂಡಾಗಿದೆ,” ಎಂದರು. ಮಗನ ಕೋಣೆಯ ಬಾಗಿಲವರೆಗೆ ಹೋದರು. ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದರು. ಕೆಮ್ಮಿ ಹಿಂದಿರುಗಿದರು. ಕೆಮ್ಮಿನ ಬದಲು ಮಗನ ಹೆಸರನ್ನು ಕರೆದಿದ್ದರೆ ಸಾಕಿತ್ತು. ಕರೆಯಲಿಲ್ಲ.

ಸೋಮವಾರ ತರೀಕೆರೆಯಲ್ಲಿ ಡಾಕ್ಟರಮ್ಮ ಮೂರು ಕುರ್ಚಿ ಹಾಕಿಸಿದ್ದರು. ಒಂದು ಖಾಲಿ ಉಳಿದದ್ದನ್ನು ನೋಡಿ, “ತಂದೆ ಬರ್ಲಿಲ್ವಾ?” ಎಂದರು.

ಬಸವೇಶನೇ ಹೇಳಿದ:

“ಕಡೂರಿಗೆ ಹೋಗಿದಾರೆ ಮೇಡಂ. ಮಕ್ಕಳನ್ನ ಹೇಗೆ ಬೆಳೆಸ್ಬೇಕು ಅಂತ ಹೇಳೋಕೆ.”

ಹೇಳಿ ನಕ್ಕ. ಕಹಿಯಾದ, ಒಡಕು ನಗು. ಆದರೂ ಎಷ್ಟೋ ಕಾಲದಿಂದ ಕೇಳದಿದ್ದ ನಗು. ಡಾಕ್ಟರಮ್ಮ ನಗಲಿಲ್ಲ. ಕಾಶಮ್ಮ ಖಾಲಿ ಕುರ್ಚಿಯ ಮೇಲೆ ತನ್ನ ಚೀಲವನ್ನಿಟ್ಟು, ಮಗನ ಕಡೆಗೆ ಇನ್ನಷ್ಟು ಸರಿದು ಕೂತಳು.

“ಸರಿ ಬಸವೇಶ್,” ಎಂದರು ಡಾಕ್ಟರಮ್ಮ, “ಈ ವಾರ ಹೇಗಿತ್ತು ಹೇಳು.”

ಅವನು ಹೇಳತೊಡಗಿದ.