ಲಕ್ಕಿ ಸೊಪ್ಪಿನ ಕೋಣೆ

ಹಾವೆಂದರೆ ನನಗೆ ಪ್ರಾಣಭಯ. ಅದರಲ್ಲಿ ನಾಚಿಕೆ ಏನು ಬಂತು? ಕೆ.ಆರ್.ಪೇಟೆಯ ಈ ಹಳೇ ವಾಚನಾಲಯಕ್ಕೆ ಲೈಬ್ರೇರಿಯನ್ ಆಗಿ ಬಂದ ದಿನವೇ ಜವಾನ ಮರಿಸ್ವಾಮಿ, ಹಿಂದಿನ ಕೋಣೆಯಲ್ಲಿ ನಾಗರಹಾವಿದೆ ಎಂದ. ನಾನು ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ವಾಚನಾಲಯದ ಮೊದಲ ಪುಸ್ತಕಗಳಿರುವುದು ಅಲ್ಲೇ. ಅಜ್ಜಂದಿರ ಕಾಲದಲ್ಲಿ, ಸುಗ್ಗಿ ಮುಗಿದ ಮೇಲೆ ಗಾಡಿ ಕಟ್ಟಿಕೊಂಡು ಹೊಸಹೊಳಲಿಗೂ ಹೋಗಿ, ಮನೆಗೊಂದು ಕೊಳಗ ರಾಗಿ ಎತ್ತಿ, ಅದನ್ನು ಮಾರಿ ತಂದ ಪುಸ್ತಕಗಳು. ಓದು ಬಾರದವರೂ ಕೊಟ್ಟಿದ್ದರಂತೆ. ಕೊಟ್ಟವರ ಹೆಸರು ಒಂದೊಂದು ಪುಸ್ತಕದ ಮೇಲೂ ಇದೆಯಂತೆ.

ಈಗಿನ ಸಮಿತಿಗೆ ಅದೆಲ್ಲ ಯಾಕೆ ಬೇಕು? ಕೋಣೆ ಖಾಲಿ ಮಾಡಿ ಕಂಪ್ಯೂಟರ್ ಇಡೋಣವೆಂದು ಗುಜರಿಯವನಿಗೆ ಹೇಳಿಬಿಟ್ಟರು. ಶುಕ್ರವಾರ ಲಾರಿ ಬರುತ್ತದೆಂದು ನನಗೆ ತಿಳಿಸಿದ್ದು ಗುರುವಾರ. ಕೈಗೆ ಸಿಕ್ಕಷ್ಟನ್ನಾದರೂ ಉಳಿಸೋಣವೆಂದರೆ ಮರಿಸ್ವಾಮಿ ಬಾಗಿಲಿಗೆ ಅಡ್ಡ ನಿಂತ. ಅವನನ್ನು ಬೈದು ಪಕ್ಕಕ್ಕೆ ಸರಿಸಿ, ದೇವರ ಹೆಸರು ಹೇಳುತ್ತಾ ಒಳಗೆ ಕಾಲಿಟ್ಟೆ.

ಹಾವಿರಲಿಲ್ಲ. ಧೂಳೂ ಇರಲಿಲ್ಲ. ಕಣಜದ ಕಾಳಿಗೆ ಹುಳ ಬೀಳದಿರಲೆಂದು ಹಾಕುತ್ತಾರಲ್ಲ, ಆ ಲಕ್ಕಿ ಸೊಪ್ಪು ಪುಸ್ತಕಗಳ ನಡುವೆ ಇನ್ನೂ ಹಸಿರಾಗಿತ್ತು. ಬೀರುವಿಗೆ ಒರಗಿಕೊಂಡು ಉಸಿರು ಬಿಟ್ಟೆ. ಮರಿಸ್ವಾಮಿ ತಲೆ ತಗ್ಗಿಸಿದ್ದ.

"ಆವಿಲ್ಲ ಅಂದಿದ್ರೆ ಯಾವತ್ತೋ ತೂಕುಕ್ಕಾಕ್ಬುಡೋರು ಕಣಮ್ಮ. ಅದ್ಕೇ ಅಂಗಂದ್ಬುಟ್ಟೆ. ನಮ್ಮಜ್ಜಿ ರಾಗಿದೂ ಒಂದದೆ ಇದ್ರೊಳಗೆ."

ಮರುದಿನ ಗುಜರಿಯವನಿಗೆ ನಾನೇ ಹೇಳಿದೆ, ಒಳಗೆ ನಾಗರಹಾವಿದೆ, ಹೋಗಬೇಡಿ ಎಂದು. ಆ ಪುಣ್ಯಾತ್ಮ ಹಾವು ಹಿಡಿಯುವ ಧರ್ಮೇಂದ್ರನಿಗೆ ಫೋನ್ ಮಾಡಿದ. ಹಾವಿಲ್ಲವೆಂದು ಅವನು ಹೊರಗೆ ಬಂದು ಹೇಳಿದರೆ ಪುಸ್ತಕಗಳ ಕಥೆ ಮುಗಿಯಿತು.

ಧರ್ಮೇಂದ್ರ ಕೋಲು ಹಿಡಿದು ಒಳಗೆ ಹೋದ. ಬೀರು ಎಳೆದ ಸದ್ದಾಯಿತು. ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ಕೊನೆಗೆ ಒಂದು ಚೀಲವನ್ನು ಮೈಯಿಂದ ದೂರ ಹಿಡಿದುಕೊಂಡು ಬಂದ. ಚೀಲ ಮಿಸುಕಾಡುತ್ತಿತ್ತು. ಬೀರುವಿನ ಹಿಂದೆ ಬಿಲವಿತ್ತು, ದೊಡ್ಡ ನಾಗರ ಎಂದ.

ಮರಿಸ್ವಾಮಿ ನಿಂತಲ್ಲೇ ಕುಸಿದು ಕುಳಿತ. ವಾರವಾರವೂ ಅಲ್ಲಿಗೆ ಬರಿಗಾಲಲ್ಲಿ ಹೋಗಿಬಂದವನು ಅವನು. ನಾನು ನಿನ್ನೆ ಒರಗಿದ್ದು ಅದೇ ಬೀರುವಿಗೆ.

ಗುಜರಿಯವನ ಮುಖ ಬಿಳಿಚಿಕೊಂಡಿತು. "ಇದ್ರ ಜೋಡಿ ಇನ್ನೂ ಒಳಗೇ ಅದೆ. ಸುಮ್ನೆ ಬುಡಕಿಲ್ಲ ಅದು. ನಡೀರ್ಲಾ" ಎಂದು ಆಳುಗಳನ್ನು ಕರೆದ. ಜೋಡಿ ಗೀಡಿ ಎಲ್ಲ ಸುಳ್ಳು ಎಂದು ಧರ್ಮೇಂದ್ರ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಲಾರಿ ಖಾಲಿ ಹೋಯಿತು. ಸಮಿತಿಯವರೂ ಕಂಪ್ಯೂಟರ್ ಮಾತು ಬಿಟ್ಟರು.

ಸೋಮವಾರ ಮರಿಸ್ವಾಮಿ ಹೊಸ ಲಕ್ಕಿ ಸೊಪ್ಪು ತಂದ. ಹೊಸಿಲಿನವರೆಗೂ ಬಂದ, ಮುಂದೆ ಕಾಲು ಎತ್ತಲಿಲ್ಲ. ಸೊಪ್ಪನ್ನು ನನ್ನ ಕಡೆ ಚಾಚಿದ.

ಸೊಪ್ಪು ತೆಗೆದುಕೊಂಡೆ. ಹಾವಿಲ್ಲ, ಹಾವಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಹೊಸಿಲು ದಾಟಿದೆ. ಹೊರಗೆ ಯಾರಾದರೂ ಕೇಳಿದರೆ, ಇದೆ ಎಂದೇ ಹೇಳಬೇಕು.