ಯಾವ ದೇಶದ ವಿಮಾನ

ಜೋಳದ ಹಿಟ್ಟು ನಾದುತ್ತ ಕೂತಿದ್ದಾಗ ಬಾಗಿಲ ಮುಂದೆ ಬಿಳಿ ಕಾರು ಬಂದು ನಿಂತಿತು. ಸೂಡಿಯ ನಮ್ಮ ಓಣಿಗೆ ಕಾರು ಬರುವುದೇ ಅಪರೂಪ. ಎದುರು ಮನೆಯ ಗಾಳೆವ್ವ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಿದ್ದವಳು ಅಲ್ಲಿಂದಲೇ ಕೂಗಿದಳು.

“ಏ ಸುಗರಾ, ಇಲಿಯಾಸಗ ಹೆಣ್ಣ ಕೊಡಾಕ ಬಂದಾರೇನಽ?”

“ಬಂದಿದ್ರ ಮೊದ್ಲ ನಿನ್ನ ಬಾಯಾಗ ಸಕ್ಕರಿ ಹಾಕ್ತಿದ್ದೆ ಬಿಡವಾ.”

ನಗುತ್ತಲೇ ಹೇಳಿದೆ. ಆದರೆ ಕೈ ಹಿಟ್ಟಿನಲ್ಲೇ ನಿಂತಿತ್ತು. ಕಂಪನಿಯ ವಕೀಲರು ಬರುತ್ತಾರೆ, ಇಲಿಯಾಸನಿಂದ ಒಂದು ಹೇಳಿಕೆಗೆ ಸಹಿ ಹಾಕಿಸಿಕೊಳ್ಳುತ್ತಾರೆ ಎಂದು ಹಿಂದಿನ ದಿನವೇ ಫೋನು ಬಂದಿತ್ತು.

ಇಲಿಯಾಸ ನನ್ನ ಒಬ್ಬನೇ ಮಗ. ಗೌಂಡಿ ಕೆಲಸವನ್ನು ಅವನ ಅಬ್ಬಾನಿಂದ ಕಲಿತವನು. ೨೦೦೭ರಲ್ಲಿ ಒಂದು ಕಟ್ಟಡ ಕಂಪನಿಯ ಜೊತೆ ಅಫಘಾನಿಸ್ತಾನಕ್ಕೆ ಹೋದ. ಅಲ್ಲಿನ ಒಂದು ಸಣ್ಣ ಊರಿನ ದವಾಖಾನೆಗೆ ಹೊಸ ಕೋಣೆಗಳನ್ನು ಕಟ್ಟುವ ಕೆಲಸ. ಮರುವರ್ಷ ಚಳಿ ಕಳೆಯುವ ಹೊತ್ತಿಗೆ ಆ ದವಾಖಾನೆಯ ಮೇಲೆ ವಿಮಾನದಿಂದ ಬಾಂಬು ಬಿತ್ತು. ರೋಗಿಗಳು ಹಾಸಿಗೆಯಲ್ಲೇ ಸತ್ತರು. ಹೆರಿಗೆಗೆ ಬಂದಿದ್ದ ಹೆಂಗಸರು ಸತ್ತರು. ಡಾಕ್ಟರೂ ಸತ್ತರು. ಕೆಲಸಗಾರರ ಶೆಡ್ಡು ಕಾಂಪೌಂಡಿನ ಆ ತುದಿಯಲ್ಲಿದ್ದುದರಿಂದ ನನ್ನ ಮಗ ಉಳಿದ. ಎಡಗಿವಿ ಕೇಳುವುದಿಲ್ಲ ಅಷ್ಟೇ, ದೇವರು ದೊಡ್ಡವನು ಎಂದು ಊರವರು ಹೇಳುತ್ತಾರೆ.

ಅಷ್ಟೇ ಅಲ್ಲವೆಂದು ನನಗೆ ಗೊತ್ತು. ಅವನ ಬಲಗಡೆ ಕೂತು, ತಲೆಗೆ ಎಣ್ಣೆ ತಿಕ್ಕುವಾಗ ತುಣುಕು ತುಣುಕಾಗಿ ಕೇಳಿ ತಿಳಿದುಕೊಂಡೆ.

ಆ ದವಾಖಾನೆಗೂ ನಮ್ಮ ಮನೆಗಳ ಹಾಗೆ ಮಣ್ಣಿನ ಸಪಾಟು ಛಾವಣಿಯ ಮಾಳಿಗೆ. ಮಾಳಿಗೆಯ ಮೇಲೆ ಬಿಳಿ ಬಣ್ಣ ಬಳಿದು, ಅದರ ಮೇಲೆ ದೊಡ್ಡದಾಗಿ ಕೆಂಪು ಅರ್ಧಚಂದ್ರ ಬರೆದಿದ್ದರು. ವಿಮಾನದವರಿಗೆ ಇದು ದವಾಖಾನೆ ಎಂದು ತಿಳಿಯಲಿ ಎಂದು. ಹಿಮ ಕರಗಿದಾಗ ಮಾಳಿಗೆ ಸೋರತೊಡಗಿತು. ಕೆಳಗೆ ಬಾಣಂತಿಯರ ಕೋಣೆ. ಸೋರುವ ಮಾಳಿಗೆಗೆ ನಮ್ಮ ಕಡೆಯವರು ಏನು ಮಾಡುತ್ತಾರೋ ಅದನ್ನೇ ಇಲಿಯಾಸ ಮಾಡಿದ. ಮಣ್ಣಿಗೆ ಹೊಟ್ಟು ಕಲಸಿ, ಹೊತ್ತು ಮೇಲೆ ಹಾಕಿ, ಬಡಿದು ಗಟ್ಟಿ ಮಾಡಿದ. ಸೋರುವುದು ನಿಂತಿತು. ಕೆಂಪು ಚಂದ್ರ ಮಣ್ಣಿನ ಕೆಳಗೆ ಹೋಯಿತು. ಮಣ್ಣು ಒಣಗಿದ ಮೇಲೆ ಮತ್ತೆ ಬರೆಯೋಣ ಎಂದು ಡಾಕ್ಟರು ಪಟ್ಟಣದಿಂದ ಬಣ್ಣ ತರಿಸಲು ಹೇಳಿದ್ದರಂತೆ. ಬಣ್ಣಕ್ಕಿಂತ ಮೊದಲು ವಿಮಾನ ಬಂತು.

“ನಾನ ಕೊಂದ್ನೆಮ್ಮಾ,” ಎಂದಿದ್ದ ಒಂದು ದಿನ. ನಾನು ಅವನ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡೆ.

ಕಾರಿನಿಂದ ಇಳಿದವರು ವಿಜಯೇಂದ್ರ ಎಂಬ ಹುಬ್ಬಳ್ಳಿಯ ವಕೀಲರು. ಇನ್ನೂ ನಲವತ್ತು ದಾಟಿರದ, ಮೆತ್ತಗೆ ಮಾತಾಡುವ ಮನುಷ್ಯ. ನನ್ನ ಗಂಡ ಜಂಗ್ಲಿಸಾಬ ಕೌದಿ ಹಾಸಿ ಕೂರಿಸಿದ. ಇಲಿಯಾಸ ಕಂಬಕ್ಕೆ ಒರಗಿ ಕೂತ. ನಾನು ಒಲೆಯ ಮುಂದೆಯೇ ಕೂತು ರೊಟ್ಟಿ ಬಡಿಯುತ್ತ ಕಿವಿ ಅತ್ತ ಕೊಟ್ಟೆ.

“ಬಾಂಬಿನ ತನಿಖೆ ಮುಗೀಲಿಕ್ಕೆ ಬಂದದರಿ,” ಎಂದರು ವಕೀಲರು. “ವಿಮಾನ ಕಳಿಸಿದ್ದ ಮಿತ್ರಪಡೆಯವರು ಕಂಪನಿಗೆ ಒಂದಽ ಪ್ರಶ್ನೆ ಕೇಳ್ಯಾರ. ಮಾಳಿಗಿ ಮ್ಯಾಲ ಗುರುತು ಇತ್ತೋ ಇಲ್ಲೋ ಅಂತ. ಅದಕ್ಕ ಇವರ ಹೇಳಿಕಿ ಬೇಕು.”

“ಏನ್ ಬರದೀರಿ, ಓದ್ರಿ,” ಎಂದ ಇಲಿಯಾಸ.

ಅವರು ಓದಿದರು. ‘ದವಾಖಾನೆಯ ಛಾವಣಿಯ ಮೇಲಿದ್ದ ಗುರುತನ್ನು ರೋಣ ತಾಲೂಕಿನ ಸೂಡಿ ಗ್ರಾಮದ ಇಲಿಯಾಸ, ತಂದೆ ಜಂಗ್ಲಿಸಾಬ, ಆದ ನಾನು ಯಾರ ಅಪ್ಪಣೆಯೂ ಇಲ್ಲದೆ ಮಣ್ಣಿನಿಂದ ಮುಚ್ಚಿದೆನು. ಘಟನೆಯ ದಿನ ಆ ಗುರುತು ಮೇಲಿನಿಂದ ಕಾಣುತ್ತಿರಲಿಲ್ಲ.’

“ಖರೇ ಐತಿ,” ಎಂದ ನನ್ನ ಮಗ. ಕೈ ಚಾಚಿದ. “ಪೆನ್ನ ಕೊಡ್ರಿ.”

“ಮಾಡಿಬಿಡು,” ಎಂದ ನನ್ನ ಗಂಡ, ನೆಲ ನೋಡುತ್ತ. “ಲಗೂನ ಮುಗೀಲಿ ಇದು.”

ಎಂದೂ ಯಾವುದಕ್ಕೂ ಅವಸರ ಮಾಡದ ಮನುಷ್ಯ. ಅವನ ದನಿ ಕೇಳಿ ನನಗೆ ಏನೋ ಅನ್ನಿಸಿತು. ಹಂಚಿನ ಮೇಲಿನ ರೊಟ್ಟಿಯನ್ನು ಬಿಟ್ಟು ಎದ್ದು ಹೋದೆ. ವಕೀಲರು ಚಾಚಿದ್ದ ಪೆನ್ನನ್ನು ಹಿಟ್ಟು ಹತ್ತಿದ ಕೈಯಿಂದಲೇ ಹಿಡಿದುಕೊಂಡೆ.

“ಸ್ವಲ್ಪ ತಡೀರಿ ವಕೀಲ್ರ. ನಂದೊಂದು ಮಾತೈತಿ.”

“ಏ ಸುಗರಾ, ನಿನಗೇನ ತಿಳೀತೈತಿ ಇದ್ರಾಗ?” ಎಂದ ಗಂಡ.

“ತಿಳೀದ್ದಕ್ಕಽ ಕೇಳ್ತೀನಿ. ವಕೀಲ್ರ, ಮ್ಯಾಲಿನ ಗುರುತು ಮುಚ್ಚಿದ್ರ, ಕೆಳಗ ಮಲಗಿದ್ದ ಬಾಣಂತ್ಯಾರು ಬಾಣಂತ್ಯಾರಲ್ಲಂತ ಆಗತೈತೇನ್ರಿ?”

ವಿಜಯೇಂದ್ರ ಕನ್ನಡಕ ತೆಗೆದು ಒರೆಸಿಕೊಂಡರು.

“ಇಲ್ರಿ ಅವ್ವಾರ. ಯುದ್ಧದ ಕಾಯ್ದೆ ಹಂಗ ಹೇಳೂದಿಲ್ಲ. ರೋಗಿಗಳು ಇದ್ದಾರಂತನ ದವಾಖಾನಿಗೆ ರಕ್ಷಣೆ. ಗುರುತು ಇರೂದು ಬರೇ ದೂರದವರಿಗೆ ತೋರಿಸ್ಲಿಕ್ಕೆ. ಗುರುತು ಇಲ್ಲಂದ್ರ ರಕ್ಷಣೆ ಹೋತು ಅಂತಲ್ಲ. ಸಂಶಯ ಇದ್ರ ಬಾಂಬು ಹಾಕೂವರಽ ವಿಚಾರಿಸ್ಬೇಕು.”

“ಮತ್ತ ಇದ್ರಾಗ ಅದನ್ಯಾಕ ಬರದಿಲ್ರಿ?”

“ನನಗ ಕೇಳಿದ್ದು ಗುರುತಿಂದಷ್ಟ.” ಅವರು ಸಿಟ್ಟಾಗಲಿಲ್ಲ. “ಅವರ ಕಡೆ ಮಾತೂ ಕೇಳ್ರಿ. ಅವತ್ತ ಅವರ ಸೈನಿಕರ ಮ್ಯಾಲ ಅಲ್ಲೆ ಗುಂಡು ಹಾರ್ಲಿಕತ್ತಿತ್ತಂತ. ನೆಲದ ಮ್ಯಾಲಿದ್ದವರು ಸಾಯ್ತೀವಿ, ಲಗೂ ಬರ್ರಿ ಅಂತ ಕರದಾರ. ವಿಮಾನದಾಗ ಕೂತಾವಗ ಕಾಣಿಸೂದೇನು? ಒಂದರ ಹಂಗಽ ಇರೂ ಮಣ್ಣಿನ ಮನಿಗೋಳು. ಅವನೂ ಯಾರದೋ ಮಗನಽ ಅಲ್ರಿ.”

ಆ ಮಾತು ನನ್ನನ್ನು ತಟ್ಟಿತು. ಯಾರದೋ ಮಗ, ಹೌದು. ಅವನ ತಾಯಿಯೂ ಎಲ್ಲೋ ಅಡಿಗೆ ಮಾಡುತ್ತಿರುತ್ತಾಳೆ. ಆದರೆ ನನ್ನ ಮಗ ಕಂಬಕ್ಕೆ ಒರಗಿ, ಸತ್ತವರ ಲೆಕ್ಕವನ್ನೆಲ್ಲ ಒಬ್ಬನೇ ಹೊತ್ತು ಕೂತಿದ್ದ. ಆ ಭಾರ ಅವನೊಬ್ಬನದು ಎಂದು ಕಾಗದದಲ್ಲಿ ಬರೆದು ತಂದಿದ್ದರು.

“ಗುಂಡು ಹಾರಿದ್ದು ದವಾಖಾನ್ಯಾಗಲ್ಲ,” ಎಂದ ಇಲಿಯಾಸ ಇದ್ದಕ್ಕಿದ್ದಂತೆ.

ಎಲ್ಲರೂ ಅವನ ಕಡೆ ತಿರುಗಿದೆವು. ಕೇಳದೆ ಎರಡು ಮಾತು ಆಡದ ಹುಡುಗ, ಈಗ ನೆಟ್ಟಗೆ ಕೂತು ಹೇಳತೊಡಗಿದ.

“ಹಳ್ಳದ ಆಚಿ ದಾಳಿಂಬ್ರಿ ತ್ವಾಟೈತ್ರಿ, ಅಲ್ಲಿ ಹಾರಿದ್ದು. ನಮ್ಮ ಗೇಟಿನ್ಯಾಗ ಒಬ್ಬಾಂವ ಕಾವಲುಗಾರ ಇದ್ದ, ಮುದುಕ, ಅವನ ಕೈಯಾಗ ಬರೇ ಒಂದು ಬಡಿಗಿ, ಬಂದೂಕಲ್ಲ. ಆಮ್ಯಾಲೆ ಇನ್ನೊಂದು ಮಾತು. ಅದು ದವಾಖಾನಿ ಅನ್ನೂದು ಮಿತ್ರಪಡೆಯವರಿಗೆ ಗೊತ್ತಿತ್ರಿ. ಅವರ ಕ್ಯಾಂಪಿನ ಸೈನಿಕರಽ ಲಾರಿ ತುಂಬ ಔಷಧ ತಂದು ಕೊಟ್ಟಿದ್ರು. ಇಳಿಸ್ಕೊಂಡವರ ಪೈಕಿ ನಾನೂ ಒಬ್ಬ. ಅವರ ಡಾಕ್ಟರ್ ಬಾಣಂತ್ಯಾರ ಕೋಣ್ಯಾಗ ನಿಂತು ಫೋಟೋ ತಗಸ್ಕೊಂಡಾರ.”

“ಒಂದು ದೇಶದವರು ಔಷಧ ಕೊಟ್ಟಿರಬೇಕು,” ಎಂದರು ವಕೀಲರು ನಿಧಾನವಾಗಿ. “ಅದು ಇನ್ನೊಂದು ದೇಶದ ವಿಮಾನದವರಿಗೆ ಮುಟ್ಟಿರ್ಲಿಕ್ಕಿಲ್ಲ.”

“ಹಂಗಂದ್ರ?” ಎಂದೆ.

“ಮಿತ್ರಪಡಿ ಅಂದ್ರ ಭಾಳ ದೇಶ ಕೂಡಿ ಮಾಡಿದ್ದು. ಜಾಗಾ ತೋರಿಸಿದವರು ಒಂದು ದೇಶದವರು, ಹಾಕ್ರಿ ಅಂತ ಹುಕುಂ ಕೊಟ್ಟವರು ಇನ್ನೊಂದು ದೇಶದವರು, ಹಾಕಿದವರು ಮತ್ತೊಂದು. ಎಲ್ಲಾರಿಗೂ ಅವರವರ ಕಾಯ್ದೆ. ಒಬ್ಬರು ಇದು ಮಾಡಬಾರದು ಅಂತಾರ, ಇನ್ನೊಬ್ಬರ ಕಾಯ್ದೆದಾಗ ಅದಕ್ಕ ಅಡ್ಡಿ ಇರೂದಿಲ್ಲ.”

“ಇದು ಯಾವ ದೇಶದ ವಿಮಾನರಿ?”

ಕೇಳಿದವನು ನನ್ನ ಗಂಡ. ಇಷ್ಟು ಹೊತ್ತು ನೆಲ ನೋಡುತ್ತಿದ್ದವನು ಈಗ ವಕೀಲರ ಮುಖ ನೋಡುತ್ತಿದ್ದ.

“ಅದನ್ನ ಹೇಳಿಲ್ರಿ.”

“ಹಾರಿಸಿದಾವನ ಹೆಸ್ರು?”

“ಅದಂತೂ ಹೇಳೂದಽ ಇಲ್ರಿ. ಮಿತ್ರಪಡೆ ಅಂತಷ್ಟ ಬರದಾರ.”

ಜಂಗ್ಲಿಸಾಬ ಕಾಗದವನ್ನು ಎತ್ತಿಕೊಂಡ. ಅವನಿಗೆ ಓದಲು ಬರುವುದಿಲ್ಲ, ಆದರೂ ಅದರ ಮೇಲೆ ಬೆರಳಿಟ್ಟ.

“ನನ್ನ ಮಗನ ಹೆಸ್ರೈತಿ. ನನ್ನ ಹೆಸ್ರೈತಿ. ಊರು, ತಾಲೂಕು, ಎಲ್ಲಾ ಐತಿ. ಅವರದು ದೇಶದ ಹೆಸ್ರೂ ಇಲ್ಲ! ಬಾಂಬ ಬಿಟ್ಟವ್ರಿಗೆ ಅಪ್ಪನೂ ಇಲ್ಲ, ಊರೂ ಇಲ್ಲ. ಬ್ಯಾಡ ವಕೀಲ್ರ, ಇದು ಸಹಿ ಮಾಡೂ ಕಾಗದಲ್ಲ. ಇದ್ರಾಗ ಒಂದು ಸುಳ್ಳೂ ಐತಿ.”

“ಅಬ್ಬಾ,” ಎಂದ ಇಲಿಯಾಸ. “ನೀ ಸುಮ್ನಿರು.”

“ಸುಮ್ನ ಇದ್ದು ಇದ್ದು ಸಾಕಾಗೈತೋ. ಯಾರ ಅಪ್ಪಣಿನೂ ಇಲ್ದ ಅಂತ ಬರದಾರ. ಅಪ್ಪಣಿ ಕೊಟ್ಟಾಂವ ನಾನು. ಮಾಳಿಗಿ ಸೋರಾಕತೈತಿ ಅಬ್ಬಾ ಅಂತ ಫೋನ್ ಮಾಡಿದ್ದ. ಬಣ್ಣ ಆಮ್ಯಾಲೆ ನೋಡು, ಮೊದ್ಲ ಮಣ್ಣ ಹಾಕು, ಕೂಸುಗೊಳು ತೊಯ್ತಾವಂತ ಹೇಳಿದಾಂವ ನಾನು. ಬರೀರಿ ನನ್ನ ಹೆಸ್ರು.”

ನನಗೆ ಇದು ಗೊತ್ತಿರಲಿಲ್ಲ. ಗಂಡ ಊಟ ಬಿಟ್ಟದ್ದು, ಮಗನ ಕಣ್ಣು ತಪ್ಪಿಸಿ ಮಸೀದಿ ಕಟ್ಟೆಯ ಮೇಲೆ ದಿನ ಕಳೆಯುತ್ತಿದ್ದದ್ದು ಎಲ್ಲ ಒಮ್ಮೆಲೇ ಅರ್ಥವಾಯಿತು. ಅಪ್ಪನ ಹೆಸರು ಬಾರದಿರಲೆಂದು ಮಗ, ಮಗ ಬೇಗ ಪಾರಾಗಲೆಂದು ಅಪ್ಪ. ಇಬ್ಬರೂ ಒಂದೇ ಮನೆಯಲ್ಲಿ ಬಾಯಿ ಹೊಲಿದುಕೊಂಡು ಕೂತಿದ್ದರು. ರೊಟ್ಟಿ ಸೀದ ವಾಸನೆ ಬಂತು. ಯಾರೂ ಏಳಲಿಲ್ಲ.

“ನಿಮ್ಮ ಹೆಸರು ಅವರಿಗೆ ಬೇಕಾಗಿಲ್ರಿ,” ಎಂದರು ವಿಜಯೇಂದ್ರ.

“ನಮಗ ಬೇಕಾಗಿದ್ದು ಅವರು ಕೊಡಂಗಿಲ್ಲ, ನಾವು ಕೊಡೂದು ಅವರಿಗೆ ಬೇಕಾಗಿಲ್ಲ. ಚಲೋ ಆತಲ್ಲ ತನಿಖೆ,” ಎಂದೆ.

ಇಲಿಯಾಸ ಕೇಳಿದ, “ವಕೀಲ್ರ, ಖರೇ ಹೇಳ್ರಿ. ಒಂದ್ಯಾಳ್ಯಾ ದವಾಖಾನ್ಯಾಗಿಂದನ ಗುಂಡು ಹಾರಿತ್ತು ಅಂತ ಇಟ್ಕೊಳ್ರಿ. ಹಾಕಬಹುದಿತ್ತೇನು?”

“ಮೊದಲು ಎಚ್ಚರಿಕಿ ಕೊಡಬೇಕು. ರೋಗಿಗಳನ್ನ ಹೊರಗ ತರ್ಲಿಕ್ಕೆ ಟೈಮ್ ಕೊಡಬೇಕು. ಅದೂ ಕಾಯ್ದೆನ.”

“ಕೊಡ್ಲಿಲ್ಲ.”

“ಅದನ್ನ ಯಾರೂ ಕೇಳಿಲ್ಲ.”

“ನಾ ಕೇಳ್ತೀನಿ. ಮಣ್ಣ ಹಾಕಿದ್ದು ನಾನು, ಅದಕ್ಕ ಸಹಿ ಮಾಡ್ತೀನಿ. ಉಳಿದಿದ್ದೂ ಬರೀರಿ. ಔಷಧದ ಲಾರಿ ಬರೀರಿ, ತ್ವಾಟದ ಗುಂಡು ಬರೀರಿ. ಎಲ್ಲಾ ಬರದ್ರ ಸಹಿ, ಇಲ್ಲಾಂದ್ರ ಇಲ್ಲ.”

ವಕೀಲರು ಕಾಗದವನ್ನು ವಾಪಸು ತೆಗೆದುಕೊಂಡರು. ತಾವು ತಂದ ಹೇಳಿಕೆಯಲ್ಲಿ ಒಂದು ಅಕ್ಷರ ಬದಲಿಸುವ ಅಧಿಕಾರ ತಮಗಿಲ್ಲ ಎಂದರು. ಸಹಿ ಮಾಡದಿದ್ದರೆ ಕಂಪನಿ ಇಲಿಯಾಸನನ್ನು ಮತ್ತೆ ಕೆಲಸಕ್ಕೆ ಕರೆಯುವುದಿಲ್ಲ, ಬೇರೆ ಕಂಪನಿಗಳಿಗೂ ತಿಳಿಸುತ್ತದೆ ಎಂದೂ ಹೇಳಿದರು. ಹೆದರಿಸಲು ಹೇಳಿದ ಹಾಗಿರಲಿಲ್ಲ. ಹೇಳಲೇಬೇಕಾದ್ದನ್ನು ಹೇಳಿ ಮುಗಿಸಿದ ಹಾಗಿತ್ತು.

“ಇಲ್ಲೇ ಗಜೇಂದ್ರಗಡದಾಗ ಮನಿ ಕಟ್ಟೂದು ನಿಂತಿಲ್ರಿ,” ಎಂದ ಇಲಿಯಾಸ.

ನಾನು ಚಹಾ ಕೊಟ್ಟೆ. ಕುಡಿದು ಎದ್ದ ವಿಜಯೇಂದ್ರ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ತಿರುಗಿ ನಿಂತರು. “ರೋಣದ ಕೋರ್ಟಿನ ಮುಂದ ನೋಟರಿ ಸಿಗ್ತಾರ. ನಿಮ್ಮ ಹೇಳಿಕಿ ನೀವಽ ಮಾಡಿಸ್ರಿ. ಒಂದು ಪ್ರತಿ ನನಗ ಕಳಸ್ರಿ, ಫೈಲಿನ್ಯಾಗ ಹಾಕಿಬಿಡ್ತೀನಿ. ಒಮ್ಮೆ ಹಾಕಿದ್ರ ತೆಗೀಲಿಕ್ಕೆ ಬರೂದಿಲ್ಲ.”

ಕಾರು ಹೋದ ಮೇಲೆ ಗಾಳೆವ್ವ ಬಂದಳು. “ಏನಾತಽ? ಹುಡುಗಿ ಹ್ಯಾಂಗದಾಳ?”

“ಹೆಸ್ರಽ ಹೇಳಲಿಲ್ಲವಾ ಬೀಗರು,” ಎಂದೆ. “ಹೆಸ್ರು ಹೇಳದವರ ಸಂಬಂಧ ಬ್ಯಾಡಂದ್ವಿ.”

ಮರುದಿನ ಮುಂಜಾನೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಮೂವರೂ ರೋಣದ ಬಸ್ಸು ಹತ್ತಿದೆವು. ಇಟಗಿಯಲ್ಲಿ ಗುಡಿಗೆ ಬಂದವರು ಹತ್ತಿ ಬಸ್ಸು ತುಂಬಿತು. ಅಪ್ಪ ಮಗ ಒಂದೇ ಸೀಟಿನಲ್ಲಿ ಕೂತಿದ್ದರು. ಅಪ್ಪ ಎಡಗಡೆ ಕೂತು ಏನೋ ಹೇಳುತ್ತಿದ್ದ, ಮಗನಿಗೆ ಕೇಳುತ್ತಿರಲಿಲ್ಲ. ಆಮೇಲೆ ನೆನಪಾಗಿ ಇಬ್ಬರೂ ಜಾಗ ಬದಲಿಸಿಕೊಂಡರು.

ಕೋರ್ಟಿನ ಮುಂದೆ ಬೇವಿನ ಗಿಡದ ಕೆಳಗೆ ನಿಂಗಪ್ಪ ಎಂಬ ಟೈಪಿಸ್ಟು ಮಷೀನು ಇಟ್ಟುಕೊಂಡು ಕೂತಿದ್ದ. ಆಸ್ತಿ ಪಾಲು, ಜಾತಿ ಪ್ರಮಾಣಪತ್ರ, ಕಳೆದುಹೋದ ಅಂಕಪಟ್ಟಿ ಹೊಡೆದು ಹೊಡೆದು ಬೆರಳು ಮಂದವಾಗಿದ್ದ ಮನುಷ್ಯ. ಇಲಿಯಾಸ ಹೇಳುತ್ತ ಹೋದ ಹಾಗೆ ಅವನ ಬೆರಳು ನಿಧಾನವಾಯಿತು.

ಗುರುತು ಮುಚ್ಚಿದ್ದು ನಾನು ಎಂದೇ ಇಲಿಯಾಸ ಮೊದಲು ಹೇಳಿದ. ತಂದೆಯ ಮಾತಿನ ಮೇಲೆ ಮುಚ್ಚಿದೆ, ಮತ್ತೆ ಬರೆಯುವವರೆಗೆ ಅಲ್ಲಿ ಬಿಳಿ ಬಟ್ಟೆಯನ್ನಾದರೂ ಹಾಸಬೇಕಿತ್ತು, ಹಾಸಲಿಲ್ಲ, ಅದು ನನ್ನ ತಪ್ಪು. ಆ ತಪ್ಪಿಗೆ ನನ್ನ ಹೆಸರು ಕೊಟ್ಟಿದ್ದೇನೆ. ಆ ಕಟ್ಟಡದಲ್ಲಿ ರೋಗಿಗಳಿದ್ದದ್ದು ಲಾರಿಯಲ್ಲಿ ಔಷಧ ತಂದುಕೊಟ್ಟ ನಿಮ್ಮವರಿಗೆ ಗೊತ್ತಿತ್ತು, ಗುಂಡು ಹಾರಿದ್ದು ಹಳ್ಳದ ಆಚೆಯ ತೋಟದಲ್ಲಿ. ಎಚ್ಚರಿಕೆ ಕೊಡಲಿಲ್ಲ. ಜಾಗ ತೋರಿಸಿದವರು, ಹಾಕಿ ಎಂದವರು, ಹಾಕಿದವರು ಯಾರು? ನಿಮ್ಮ ಹೆಸರು ಕೊಡಿ.

ನಿಂಗಪ್ಪ ಕೈ ನಿಲ್ಲಿಸಿದ. “ಇದು ಯಾರಿಗಪಾ ತಮ್ಮಾ?”

“ಮಿತ್ರಪಡೆಗೆ.”

“ಅದು ಯಾವ ಊರಾಗ ಐತಿ? ಮ್ಯಾಲ ವಿಳಾಸ ಬೇಕಲ್ಲ.”

“ಊರಿಲ್ರಿ ಅದಕ್ಕ. ಅದು ಬ್ಯಾರೆ ಬ್ಯಾರೆ ದೇಶಗೋಳು ಕೂಡಿದ್ದು.”

“ಮತ್ತ ಯಾವ ದೇಶಕ್ಕ ಹೊಡೀಲಿ?”

ಇಲಿಯಾಸ ಸ್ವಲ್ಪ ಯೋಚಿಸಿದ. ಅವನ ಮುಖದಲ್ಲಿ ವರ್ಷದಿಂದ ಕಾಣದ ಒಂದು ಹಟ ಕಂಡಿತು. ಸಣ್ಣವನಿದ್ದಾಗ ಬಿದ್ದರೂ ಮತ್ತೆ ಗೋಡೆ ಹತ್ತುತ್ತಿದ್ದನಲ್ಲ, ಆ ಹಟ.

“ಕ್ಯಾಂಪಿನ ಗೇಟಿನ ಮುಂದ ಸಾಲಾಗಿ ಬಾವುಟಾ ಹಚ್ಚಿದ್ರು. ದಿನಾ ನೋಡ್ತಿದ್ದೆ, ಒಂದೂ ಮರತಿಲ್ಲ. ಒಂದೊಂದು ದೇಶಕ್ಕ ಒಂದೊಂದು ಪ್ರತಿ ಹೊಡೀರಿ. ಕೂಡಿ ಹಾಕ್ಯಾರ, ಕೂಡಿ ಓದ್ಲಿ.”

“ಎಲ್ಲಾ ದೇಶಕ್ಕ?” ನಿಂಗಪ್ಪ ನನ್ನ ಕಡೆ ನೋಡಿದ. “ಅವ್ವಾ, ನಿನ್ನ ಮಗ ನನ್ನ ಬೆರಳ ಮುರೀತಾನ.”

“ಬೆರಳಿಗೆ ಎಣ್ಣಿ ಹಚ್ಚಿಕೊಡ್ತೀನಿ, ಹೊಡಿಯಪಾ,” ಎಂದೆ.

ಅವನು ಗೊಣಗುತ್ತಲೇ ಕಾರ್ಬನ್ನು ಜೋಡಿಸಿದ. ಹಾಳೆಯನ್ನು ಮಷೀನಿಗೆ ಸೇರಿಸಿ ತಿರುಗಿಸಿದ. ಮೊದಲ ಹೆಸರು ಹೇಳು ಎಂದ.

ಒಂದು ಕಿವಿ ಹೋದವರು ಜೋರಾಗಿ ಮಾತಾಡುತ್ತಾರೆ. ಇಲಿಯಾಸ ಎದ್ದು ನಿಂತು ಮೊದಲ ದೇಶದ ಹೆಸರು ಹೇಳಿದ. ಕೋರ್ಟಿನ ಮೆಟ್ಟಿಲ ಮೇಲೆ ಕೂತಿದ್ದವರು, ಚಹಾದ ಅಂಗಡಿಯವರು, ಎಲ್ಲರೂ ತಿರುಗಿ ನೋಡಿದರು. ನನ್ನ ಗಂಡ ಎರಡನೆಯ ಹಾಳೆಯನ್ನು ಕೈಯಲ್ಲಿ ಹಿಡಿದು ಕಾಯುತ್ತಿದ್ದ.